ಚಂದ್ರಯ್ಯನವರ ಸೈಕಲ್ ಮಸ್ಟರು

ಸೈಕಲ್ ಎಣಿಸುವುದಕ್ಕೂ ಒಬ್ಬರು ಬೇಕೇ ಎಂದು ಸಕಲೇಶಪುರದವರು ನಕ್ಕರು ನೋಡಿ, ಚಂದ್ರಯ್ಯನವರಿಗೆ ಹಟ ಹತ್ತಿತು. ಮೂವತ್ತೆರಡು ವರ್ಷ ಹೊಂಗಡಹಳ್ಳದ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಮಸ್ಟರು ಪುಸ್ತಕದಲ್ಲಿ ಆಳುಗಳ ಹಾಜರಿ ಬರೆದ ಜೀವ ಅದು. ಕೆಲಸ ಬಿಟ್ಟು ಪೇಟೆಗೆ ಬಂದ ಮೇಲೆ, ಹೆಂಡತಿ ನಾಗರತ್ನಮ್ಮ ಎಷ್ಟು ಹೊತ್ತಿಗೆ ಒಲೆ ಹಚ್ಚಿದರೆಂದು ಗಡಿಯಾರ ನೋಡುತ್ತಿದ್ದರು. "ಹೊರಗೆ ಏನಾದ್ರೂ ಎಣಿಸ್ಕೊಂಡು ಬನ್ನಿ" ಎಂದು ಆಕೆಯೇ ಅಟ್ಟಿದ್ದು.

ಎಣಿಸಲು ಕೇಳಿಕೊಂಡವರು ಹೈಸ್ಕೂಲ್ ಟೀಚರ್ ಚೈತ್ರಶ್ರೀ. ಸೇತುವೆಯಿಂದ ಪೇಟೆಗೆ ಏರುವ ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೆಂದೇ ದಾರಿ ಬಿಡಿಸಬೇಕೆಂದು ಓಡಾಡುತ್ತಿದ್ದರು. ಬೆಳಿಗ್ಗೆ ಆರರಿಂದ ಸಂಜೆ ಆರರೊಳಗೆ, ಹೋಗುವುದು ಬರುವುದು ಸೇರಿ ಇನ್ನೂರು ಸೈಕಲ್ ದಾಟಿದ್ದು ತೋರಿಸಿ, ಮಾಡಿಕೊಡೋಣ ಎಂದಿದ್ದರು ಪುರಸಭೆಯ ಇಂಜಿನಿಯರ್. ಯಾರಿಗೆ ಬೇಕಿತ್ತೋ ಬಿಟ್ಟಿತ್ತೋ, ಮುನಿಯಮ್ಮನಿಗಂತೂ ಆ ದಾರಿ ಬೇಕೇ ಬೇಕಿತ್ತು. ಆನೇಮಹಲ್‌ನಿಂದ ಸೈಕಲ್ ಮೇಲೆ ಸೊಪ್ಪು ತರುವ ಅವಳನ್ನು ಹೋದ ಮಳೆಗಾಲದಲ್ಲಿ ಲಾರಿಯೊಂದು ಚರಂಡಿಗೆ ತಳ್ಳಿತ್ತು. ಈ ರಸ್ತೆ ಹೀಗೇ ಇದ್ದರೆ ಸೈಕಲ್ ಮಾರಿಬಿಡುತ್ತೇವೆಂದು ಅವಳ ಮಕ್ಕಳು ಕೂತಿದ್ದರು.

ಚಂದ್ರಯ್ಯ ಆರಕ್ಕೆ ಮೊದಲೇ ಬಂದು ಆ ರಸ್ತೆಯಂಚಿನ ನಟರಾಜನ ಟೀ ಅಂಗಡಿ ಮುಂದೆ ಸ್ಟೂಲು ಹಾಕಿದರು. ಸೈಕಲ್ಲಿಗೊಂದು ಗೀರು ಎಳೆದರೆ ಸಾಕೆಂದು ಟೀಚರ್ ಹೇಳಿದರೆ ಕೇಳಬೇಕಲ್ಲ! ಒಬ್ಬೊಬ್ಬರನ್ನೂ ನಿಲ್ಲಿಸಿ ಹೆಸರು ಬರೆದುಕೊಂಡರು.

"ಪೊಲೀಸ್ನೋರೂ ಹಿಂಗೆ ಕೇಳಲ್ಲ ಮಾರಾಯ್ರೇ" ಎಂದು ಪೇಪರ್ ಹಾಕುವ ದೇವೇಂದ್ರ ಗೊಣಗಿದ.

ಮಧ್ಯಾಹ್ನ ಊಟಕ್ಕೆ ಹೊರಟಾಗ ಪುಸ್ತಕವನ್ನು, ಸೊಪ್ಪು ಮಾರಿ ಬಂದು ಕೂತಿದ್ದ ಮುನಿಯಮ್ಮನ ಕೈಗಿತ್ತರು. ಹಿಂದೆ ಅವರದೇ ಎಸ್ಟೇಟಿನಲ್ಲಿ ಕಾಫಿ ಕುಯ್ದವಳು.

"ಹತ್ ನಿಮ್ಷ ತಡ ಆಯ್ತು ಅಂತ ಅರ್ಧ ಹಾಜ್ರಿ ಹಾಕಿದ್ರಿ, ಗ್ಯಾಪ್ಕ ಐತಾ ರೈಟ್ರೇ?"

"ಹನ್ನೆರಡು ನಿಮಿಷ. ಈಗ ನನ್ನೊಬ್ಬನ್ನ ಬಿಟ್ಟು, ಹೋಗೋರಿಗೆ ಬರೋರಿಗೆಲ್ಲ ಒಂದೊಂದು ಗೀರು ಹಾಕು" ಎಂದು ತಮ್ಮ ಹಳೇ ಸೈಕಲ್ ಏರಿದರು. ರೈಟರ್ ಆದವನು ತನ್ನ ಹೆಸರನ್ನು ಮಸ್ಟರಿನಲ್ಲಿ ಬರೆಯುವುದಿಲ್ಲ, ಅದು ಎಸ್ಟೇಟಿನ ಪದ್ಧತಿ.

ಸಂಜೆ ಆರಾಯಿತು. ಕೂಡಿದರು. ನೂರ ತೊಂಬತ್ತೆಂಟು. ಕನ್ನಡಕ ಒರೆಸಿ ಮತ್ತೆ ಕೂಡಿದರು, ಅಷ್ಟೇ.

"ಎರಡು ತಾನೇ, ಹಾಕ್ಬುಡಿ ಸಾರ್. ಯಾರ್ ನೋಡ್ತಾರೆ?" ಎಂದ ನಟರಾಜ.

"ಬರದೇ ಇರೋರಿಗೆ ಹಾಜರಿ ಹಾಕಿದೋನಲ್ಲ ಕಣಯ್ಯ ನಾನು!" ಗದರಿದರೇನೋ ಸರಿ, ಮುನಿಯಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ. ಅಯ್ಯೋ, ಈ ಹೆಂಗಸಿಗೆ ಎರಡನೇ ಸಲ ಅನ್ಯಾಯ ಮಾಡಿದೆನಲ್ಲ ಎಂದುಕೊಂಡರು.

ಮುನಿಯಮ್ಮ ಗೋಡೆಗೆ ಒರಗಿಸಿದ್ದ ಅವರ ಸೈಕಲ್ಲನ್ನು ತೋರಿಸಿದಳು. "ಊಟಕ್ಕೇನು ಹಾರ್ಕೊಂಡ್ ಹೋಗಿದ್ರಾ ರೈಟ್ರೇ? ಹೋಗಿದ್ದೊಂದು, ಬಂದಿದ್ದೊಂದು."

"ರೈಟರ್ ಹೆಸರು ಹಾಕ್ಕೊಳ್ಳೋ ಹಾಗಿಲ್ಲ ಮುನಿಯಮ್ಮ."

"ಇದು ಎಸ್ಟೇಟಾ? ನೀವು ಸೈಕಲ್ ತುಳ್ದಿಲ್ವಾ?"

ಚಂದ್ರಯ್ಯ ಪುಸ್ತಕ ಬಿಚ್ಚಿ ಪೆನ್ನು ಹಿಡಿದರು. ಆಮೇಲೆ ಎಲ್ಲರ ಹೆಸರಿನ ಕೆಳಗೆ, ಜೀವಮಾನದಲ್ಲೇ ಮೊದಲ ಸಲ, ತಮ್ಮ ಹೆಸರು ಬರೆದರು. ಅದರ ಕೆಳಗೆ ಇನ್ನೊಮ್ಮೆ ಬರೆದರು. ಅಕ್ಷರ ಸೊಟ್ಟಗಾಯಿತು.

ಮುನಿಯಮ್ಮ ಕಣ್ಣೊರೆಸಿಕೊಂಡು ಪುಸ್ತಕದೊಳಗೆ ಇಣುಕಿದಳು. "ಪೂರ್ತಿ ಹಾಜ್ರಿನಾ ರೈಟ್ರೇ, ಅರ್ಧನಾ?"