ಕೈಗೆ ಹೆದರದ ಮರಳುಹುಳು

ಮರುಭೂಮಿಯ ಆ ಹುಳುವಿಗೆ ಸರ್ಕಾರದ ರಕ್ಷಣೆ ಸಿಗದೇ ಹೋದದ್ದು ನಾನು ಅದನ್ನು ಚೆನ್ನಾಗಿ ಸಾಕಿದ್ದರಿಂದ. ಗಣಿಯವರ ದುಡ್ಡು, ವಕೀಲರು, ರಾಜಕೀಯ ಎಂದು ಜನ ಏನೇನೋ ಹೇಳುತ್ತಾರೆ. ಅವೆಲ್ಲ ಇದ್ದವು. ಆದರೆ ಅವರಿಗೆ ತೋರಿಸಲು ಒಂದು ನೆಪ ಬೇಕಿತ್ತು. ಆ ನೆಪ ನನ್ನ ತಟ್ಟೆಗಳಲ್ಲಿ ಸಿಕ್ಕಿತು.

ಇದು ಮೂರು ವರ್ಷದ ಹಿಂದಿನ ಮಾತು. ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಒಂದು ಖಾಸಗಿ ಲ್ಯಾಬಿದೆ. ಅಲ್ಲಿ ಹುಳು ಸಾಕುವ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಓದಿದ್ದು ನಾಲ್ಕನೇ ಕ್ಲಾಸು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕಿಕೊಂಡೇ ತಲೆಕೂದಲು ಬೆಳ್ಳಗಾಯಿತು. ಮಗಳ ಮನೆಗೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಇಲ್ಲಿ ಸೇರಿದೆ. ಸೇರಿಸಿದವಳು ಶಾಲಿನಿ. ಮೈಸೂರಿನ ಹುಡುಗಿ, ಕೀಟಶಾಸ್ತ್ರ ಓದಿದವಳು, ಲ್ಯಾಬಿನಲ್ಲಿ ನನಗೆ ಮೇಲಿನವಳು.

ಹುಳು ಎಂದರೆ ದೊಡ್ಡದೇನಲ್ಲ. ಹೆಸರುಕಾಳಿಗಿಂತ ಸ್ವಲ್ಪ ಉದ್ದ, ಮರಳಿನದೇ ಬಣ್ಣ. ಈ ದೇಶದ ಪಶ್ಚಿಮದಲ್ಲಿ ಒಂದೇ ಒಂದು ಮರಳುದಿಬ್ಬದಲ್ಲಿ ಅದರ ವಾಸ. ಆ ದಿಬ್ಬದ ಪಕ್ಕದಲ್ಲೇ ಗಣಿ ತೋಡಲು ಒಂದು ಕಂಪನಿ ಕಾಯುತ್ತಿತ್ತು. ಅಳಿವಿನಂಚಿನ ಜೀವಿಗಳ ಪಟ್ಟಿ ಎಂದು ಸರ್ಕಾರ ಒಂದು ಪಟ್ಟಿ ಇಟ್ಟಿದೆ. ಹುಳು ಅದರಲ್ಲಿ ಸೇರಿದರೆ ದಿಬ್ಬ ಮುಟ್ಟುವುದು ಕಷ್ಟ, ಸೇರದಿದ್ದರೆ ಅಗೆಯಬಹುದು. ಶಾಲಿನಿ ಓದುವ ಕಾಲದಿಂದ ಆ ದಿಬ್ಬದ ಮೇಲೆ ಮಂಡಿಯೂರಿ ಹುಳು ಹುಡುಕಿದವಳು. ಅರ್ಜಿ ಹಾಕಿದವರಲ್ಲಿ ಅವಳೂ ಒಬ್ಬಳು. ತೀರ್ಪು ಬರುವುದರೊಳಗೆ ಅಲ್ಲಿ ಏನಾದರೂ ಆದರೆ ಬೀಜಕ್ಕಿರಲಿ ಎಂದು ಒಂದಷ್ಟು ಹುಳು ತಂದು ನನ್ನ ಕೈಗೆ ಕೊಟ್ಟಳು.

ಬೇರೆ ಲ್ಯಾಬುಗಳಲ್ಲಿ ಅವು ಬದುಕಿರಲಿಲ್ಲವಂತೆ. ನಾನು ಮಂತ್ರವೇನೂ ಹಾಕಲಿಲ್ಲ. ರೇಷ್ಮೆ ಹುಳುವಿಗೆ ಮಾಡಿದ್ದನ್ನೇ ಮಾಡಿದೆ. ಕೈ ತೊಳೆಯದೆ ಕೋಣೆಗೆ ಕಾಲಿಡಲಿಲ್ಲ. ಸೆಂಟು ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದೆ. ಮರಿಗಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರದಲ್ಲಿದ್ದ ತಟ್ಟೆಯನ್ನು ಅಲುಗಾಡಿಸಲು ಯಾರಿಗೂ ಬಿಡಲಿಲ್ಲ. ಸತ್ತದ್ದನ್ನು ಆ ಕ್ಷಣವೇ ತೆಗೆದುಹಾಕಿದೆ. ಅದೃಷ್ಟವೂ ಇತ್ತು. ವರ್ಷ ಕಳೆಯುವುದರೊಳಗೆ ಒಂದು ಕಪಾಟಿನ ತಟ್ಟೆಗಳು ಸಾಲದೆ ಗೋಡೆಯುದ್ದಕ್ಕೂ ಜೋಡಿಸಬೇಕಾಯಿತು. ಶಾಲಿನಿ ಕುಣಿದಾಡಿದಳು.

ನನಗೆ ಮಾತ್ರ ಒಂದು ವಿಷಯ ಸರಿಕಾಣಲಿಲ್ಲ. ಮೊದಲು ತಂದ ಹುಳುಗಳು ಮುಚ್ಚಳ ತೆಗೆದ ಕೂಡಲೇ ಮರಳೊಳಗೆ ಇಳಿದುಬಿಡುತ್ತಿದ್ದವು. ಇಲ್ಲಿ ಹುಟ್ಟಿದವು ಹಾಗಲ್ಲ. ಮುಚ್ಚಳ ತೆಗೆದರೆ ಮೇಲೆ ಬರುತ್ತಿದ್ದವು. ಬೆರಳು ಇಟ್ಟರೆ ಬೆರಳಿನ ಮೇಲೇ ಹತ್ತುತ್ತಿದ್ದವು. ಅಡಗಿಕೊಳ್ಳುವುದೇ ಅವಕ್ಕೆ ಗೊತ್ತಿರಲಿಲ್ಲ.

ಶಾಲಿನಿಗೆ ಹೇಳಿದೆ. ಅವಳೂ ತಟ್ಟೆಯಲ್ಲಿ ಬೆರಳಿಟ್ಟು ನೋಡಿದಳು.

"ನೀವು ಹೇಳೋದು ನಿಜ ಆಂಟಿ. ಆದ್ರೆ ಪ್ರೂವ್ ಮಾಡೋಕೆ ಇನ್ನೂ ಎರಡು ವರ್ಷ ಬೇಕು. ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಇದೆ."

ಇನ್‌ಸ್ಪೆಕ್ಷನ್ ಆಗಬೇಕೆಂದು ಕೇಳಿದ್ದು ಗಣಿಯ ವಕೀಲರು. ಲ್ಯಾಬಿನಲ್ಲಿ ಹುಳು ಹೀಗೆ ಹೆಚ್ಚುತ್ತಿರುವಾಗ ಅಳಿವು ಎಲ್ಲಿಂದ ಬಂತು ಎನ್ನುವುದು ಅವರ ವಾದ. ಅಲ್ಲಿಂದ ಶಾಲಿನಿಯ ಮುಖದಲ್ಲಿ ನಗು ಹೋಯಿತು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಹೀಟರ್ ಹತ್ತಿರ ನಿಂತಳು.

"ಆಂಟಿ, ಹೀಟರ್ ಜಾಸ್ತಿ ಇದೆ ಅನ್ಸುತ್ತೆ ಅಲ್ವಾ?"

"ಇಲ್ಲ. ಹುಳುಗೆ ಸರಿಯಾಗಿದೆ."

"ಇನ್‌ಸ್ಪೆಕ್ಷನ್ ಮುಗಿಯೋವರೆಗೆ ಸ್ವಲ್ಪ ಕಮ್ಮಿ ಇಟ್ರೆ..."

"ಅರ್ಧ ಸಾಯ್ತವೆ."

ಅವಳು ಹೀಟರಿನ ಗುಂಡಿಯ ಮೇಲೆ ಬೆರಳಿಟ್ಟಳು.

"ಬಾಯಿ ಬಿಟ್ಟು ಹೇಳಮ್ಮ. ಸಾಯಿಸು ಅಂತೀಯಾ?"

"ಇಲ್ಲಿ ಅರ್ಧ ಹೋದ್ರೆ ಆ ದಿಬ್ಬದಲ್ಲಿ ಪೂರ್ತಿ ಉಳಿಯುತ್ತೆ ಆಂಟಿ. ರೇಷ್ಮೆಗೂಡು ಕುದಿಸಿದ ಕೈ ಅಲ್ವಾ ನಿಮ್ದು?"

"ಕುದಿಸಿದ್ದೀನಿ. ಲಕ್ಷಗಟ್ಟಲೆ ಕುದಿಸಿದ್ದೀನಿ. ಸೀರೆಗೆ ಅಂತ ಹೇಳೇ ಕುದಿಸಿದ್ದು, ರೋಗ ಬಂದು ಸತ್ವು ಅಂತ ಯಾರಿಗೂ ಸುಳ್ಳು ಹೇಳಲಿಲ್ಲ. ಗುಂಡಿ ಅಲ್ಲೇ ಇದೆ, ನೀನೇ ತಿರುಗಿಸು. ನಾನು ಊಟಕ್ಕೆ ಹೋಗ್ತೀನಿ."

ಊಟ ಮುಗಿಸಿ ಬಂದೆ. ಗುಂಡಿ ಇದ್ದಲ್ಲೇ ಇತ್ತು. ಕಿಟಕಿಯಿಂದ ನೋಡಿದರೆ ಶಾಲಿನಿ ಪಾರ್ಕಿಂಗ್ ಲಾಟಿನಲ್ಲಿ ತನ್ನ ಕಾರಿನಲ್ಲಿ ಕೂತಿದ್ದಳು. ಎಂಜಿನ್ ಆನ್ ಆಗಿರಲಿಲ್ಲ. ಅವಳು ಕೇಳಿದ್ದು ತಪ್ಪು ಎಂದು ಅವತ್ತೂ ನನಗೆ ಅನಿಸಲಿಲ್ಲ. ನಾನು ಹೇಳಿದ್ದೂ ತಪ್ಪಲ್ಲ. ಎರಡೂ ಸರಿಯಿದ್ದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್‌ಸ್ಪೆಕ್ಷನ್‌ಗೆ ಸರ್ಕಾರದ ಅಧಿಕಾರಿಯಾಗಿ ಬಂದವಳು ನನ್ನ ಮಗಳ ವಯಸ್ಸಿನ ಅಮೆರಿಕನ್ ಹೆಂಗಸು. ಒಳ್ಳೆಯವಳೇ. ಹೇಳುವ ಮೊದಲೇ ಕೈ ತೊಳೆದಳು. ಮುಚ್ಚಳ ತೆಗೆದೆ. ಹುಳುಗಳು ಮೇಲೆದ್ದು ನನ್ನ ಬೆರಳಿನ ಕಡೆ ಬಂದವು. ಅವಳ ಮುಖ ಅರಳಿತು.

"ದೇ ಆರ್ ಥ್ರೈವಿಂಗ್!"

ಆ ಪದ ನನಗೆ ಗೊತ್ತಿತ್ತು. ಮೊಮ್ಮಗಳು ಚೆನ್ನಾಗಿ ಬೆಳೆಯುತ್ತಿದ್ದಾಳೆ ಎನ್ನಲು ಅವಳ ಶಾಲೆಯವರು ಅದನ್ನೇ ಬರೆದು ಕಳಿಸುತ್ತಾರೆ. ನಾನು ಶಾಲಿನಿಗೆ ಹೇಳಿದೆ, "ಇದು ಚುರುಕಲ್ಲ, ಪೆದ್ದುತನ ಅಂತ ಹೇಳು. ಆ ದಿಬ್ಬದ ಮೇಲೆ ಬಿಟ್ರೆ ಮಧ್ಯಾಹ್ನದ ಹೊತ್ತಿಗೆ ಹಲ್ಲಿ ಹೊಟ್ಟೆಯಲ್ಲಿರ್ತವೆ." ಶಾಲಿನಿ ಪೂರ್ತಿ ಹೇಳಿದಳು. ಅಧಿಕಾರಿ ಗಮನವಿಟ್ಟು ಕೇಳಿ, ಇದಕ್ಕೆ ಅಧ್ಯಯನ ಏನಾದರೂ ಇದೆಯೇ ಎಂದಳು. ಇಲ್ಲ ಎಂದಳು ಶಾಲಿನಿ. ಇರಲಿಲ್ಲ, ಇಲ್ಲ ಎಂದಳು.

ತೀರ್ಪು ಬಂದ ದಿನ ಹೊರಗೆ ಸ್ನೋ ಕರಗಿ ಕೆಸರಾಗಿತ್ತು. ಸದ್ಯಕ್ಕೆ ಪಟ್ಟಿಗೆ ಸೇರಿಸುವ ಅಗತ್ಯವಿಲ್ಲ ಎಂದು ಬರೆದಿದ್ದರು. ಶಾಲಿನಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ನಮ್ಮ ಕೋಣೆಯಲ್ಲಿ ಹುಳು ಚೆನ್ನಾಗಿ ಹೆಚ್ಚುತ್ತಿವೆ ಎಂಬ ಮಾತು ಬಂದಾಗ ನಿಲ್ಲಿಸಿ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ನೀವು ನನ್ನನ್ನ ಬೈಯ್ರಿ ಆಂಟಿ. ಇಲ್ದಿದ್ರೆ ನಾನೇ ನಿಮ್ಮನ್ನ ಬೈತೀನಿ."

"ಬೈಯಮ್ಮ."

ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

ಮನೆಗೆ ಬಂದು ಮಗಳಿಗೆ ಹೇಳುತ್ತಿದ್ದಾಗ ಮೊಮ್ಮಗಳು ಸೀರಿಯಲ್ ತಿನ್ನುತ್ತಾ ತಲೆಯೆತ್ತಿದಳು. "ಸೋ ಅಜ್ಜಿ, ಯು ವನ್ ಅಂಡ್ ದ ಬಗ್ಸ್ ಲಾಸ್ಟ್?" ಮಗಳು ಗದರಿದಳು. ನಾನು ಬಿಡು ಎಂದೆ. ನಾನು ಗೆದ್ದೆ, ಹುಳುಗಳು ಸೋತವು. ಮಗು ಹೇಳಿದ್ದರಲ್ಲಿ ಸುಳ್ಳೇನಿತ್ತು?

ರೇಷ್ಮೆ ಹುಳುವೂ ಒಂದು ಕಾಲದಲ್ಲಿ ಮರದ ಮೇಲೆ ಬದುಕಿದ್ದಿರಬೇಕು. ಈಗ ಅದು ಸೊಪ್ಪು ಹುಡುಕಿ ಹೋಗುವುದಿಲ್ಲ, ಸೊಪ್ಪೇ ಅದರ ಬಾಯಿಯ ಹತ್ತಿರ ಬರಬೇಕು. ಅದರ ಚಿಟ್ಟೆಗೆ ರೆಕ್ಕೆ ಇದೆ, ಹಾರುವುದಿಲ್ಲ. ಅದು ಅಳಿದುಹೋಯಿತು ಎಂದು ಯಾರೂ ಹೇಳುವುದಿಲ್ಲ. ಬದುಕಿದೆ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಸಾಯದಂತೆ ನೋಡಿಕೊಳ್ಳುವುದು ಅರ್ಧ ಕೆಲಸ ಮಾತ್ರ. ಇಷ್ಟು ವರ್ಷ ಹುಳು ಸಾಕಿ ಕಲಿತದ್ದು ಇಷ್ಟೇ. ಉಳಿದರ್ಧ ಹೇಗೆ ಮಾಡುವುದು ಎಂದು ಅವತ್ತು ನನಗೂ ಗೊತ್ತಿರಲಿಲ್ಲ, ಶಾಲಿನಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಹೋದೆ. ಕೈ ತೊಳೆದೆ. ಪ್ರತಿ ತಟ್ಟೆಗೂ ಇನ್ನೆರಡು ಬೆರಳು ಮರಳು ತುಂಬಿಸಬೇಕೆಂದು ಕೆಳಗಿನ ಸ್ಟೋರಿನಿಂದ ಚೀಲ ಎಳೆದು ತಂದೆ. ತಿಂಡಿಯನ್ನು ಮೇಲೆ ಇಡದೆ ಮರಳಿನಾಳಕ್ಕೆ ಹೂತೆ. ಮೊದಲ ತಟ್ಟೆಯಲ್ಲಿ ಒಂದು ಹುಳು ಎಂದಿನಂತೆ ನನ್ನ ಬೆರಳಿನ ಹತ್ತಿರ ಬಂತು. ಕೈಗೆ ಹೆದರಲಿ ಎಂದು ಉಗುರಿನಿಂದ ಚಿಮ್ಮಿ ಹೊಡೆದೆ. ಮಗುಚಿ ಬಿತ್ತು, ಎದ್ದಿತು, ಮತ್ತೆ ಬಂತು. ಮತ್ತೆ ಹೊಡೆದೆ.