ಕಿವಿಗೊಟ್ಟು ಹುರಿದ ಪುಡಿ

ಟಕ್, ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್. ಮಹಡಿಯ ಕೆಳಗಿನ ಕೋಳಿ ಅಂಗಡಿಯಲ್ಲಿ ಮರದ ದಿಮ್ಮಿಯ ಮೇಲೆ ಕತ್ತಿ ಬೀಳುವ ಸದ್ದು. ಪುಡಿಯಕ್ಕನಿಗೆ ಬೆಳಗಾಗುತ್ತಿದ್ದುದು ಈ ಸದ್ದಿನಿಂದಲೇ. ಮಲಗುವ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದ್ದರಿಂದ ಬೆಳಕು ಬರುವಾಗ ತಡವಾಗುತ್ತಿತ್ತು, ಕತ್ತಿ ಮಾತ್ರ ತಡಮಾಡುತ್ತಿರಲಿಲ್ಲ. ಕೆಳಗಿನವನ ಮನಸ್ಸು ಇವತ್ತು ಹೇಗಿದೆ ಎಂಬುದನ್ನು ಆಕೆ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಬಲ್ಲವಳಾಗಿದ್ದಳು. ಕತ್ತಿ ಸಲೀಸಾಗಿ ಬಿದ್ದರೆ ಹೆಂಡತಿಯೊಡನೆ ರಾಜಿಯಾಗಿದೆ, ಒರಟಾಗಿ ಬಿದ್ದರೆ ಇನ್ನೂ ಆಗಿಲ್ಲ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಆಸ್ಪತ್ರೆಯ ಚೀಟಿಗೆ ಬೇಕಾಗುತ್ತಿತ್ತೇ ಹೊರತು ಬೀದಿಗೆ ಬೇಕಾಗಿರಲಿಲ್ಲ. ಬೀದಿಗೆ ಆಕೆ ಪುಡಿಯಕ್ಕ. ಕೋಳಿಯನ್ನು ಇಡಿಯಾಗಿ ಸುಡುವ ಮುನ್ನ ಮೈಗೆಲ್ಲ ಉಜ್ಜುವ ಒಣ ಮಸಾಲೆಯ ಪುಡಿಯನ್ನು ಆಕೆ ಮನೆಯಲ್ಲೇ ಮಾಡುತ್ತಿದ್ದಳು. ನೀರಿಲ್ಲ, ಎಣ್ಣೆಯಿಲ್ಲ, ಮೊಸರಿಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಒಣಮೆಣಸಿನಕಾಯಿ, ಬಿಸಿಲಿಗೆ ಒಣಗಿಸಿದ ಬೆಳ್ಳುಳ್ಳಿಯ ಚೂರು, ನಿಂಬೆಯ ಸಿಪ್ಪೆ, ಹುರಿದ ಉಪ್ಪು, ಕೊನೆಗೆ ಒಂದಿಷ್ಟು ಬೆಲ್ಲದ ಪುಡಿ. ಬೆಲ್ಲ ಏಕೆಂದು ಯಾರಾದರೂ ಕೇಳಿದರೆ, ಕೋಳಿಗೆ ಬಣ್ಣ ಬರಬೇಡವೇ, ಮದುಮಗಳನ್ನು ಹಾಗೇ ಕಳಿಸೋಕಾಗುತ್ತಾ, ಎನ್ನುತ್ತಿದ್ದಳು.

ಅಂಗಡಿಯವನು ಹೊಸದಾಗಿ ಗಾಜಿನ ಬಾಗಿಲಿನ ಸುಡುವ ಪೆಟ್ಟಿಗೆ ತಂದಿಟ್ಟಾಗ ಅದರ ಮುಂದೆ ನಾಯಿ ಬಿಟ್ಟರೆ ಯಾರೂ ನಿಲ್ಲುತ್ತಿರಲಿಲ್ಲ. ಅವನ ಜೋಲುಮುಖ ನೋಡಲಾರದೆ ಪುಡಿಯಕ್ಕ ತನ್ನ ಮನೆಗೆಂದು ಮಾಡಿಟ್ಟಿದ್ದ ಪುಡಿಯಲ್ಲಿ ಒಂದು ಬಟ್ಟಲು ಕೊಟ್ಟು, ಕೋಳಿಯ ಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಚರ್ಮದ ಒಳಗೂ ಕೈ ಆಡಿಸಿ ಉಜ್ಜಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡು ಎಂದಿದ್ದಳು. ಮರುದಿನ ಸಂಜೆ ಬಸ್ಸಿಳಿದು ಮನೆಗೆ ಹೋಗುತ್ತಿದ್ದವರು ತಮ್ಮ ಮೂಗಿನ ಮಾತು ಕೇಳಿ ರಸ್ತೆ ದಾಟಿದರು. ಅಂದಿನಿಂದ ವಾರಕ್ಕೊಂದು ಡಬ್ಬಿ ಮೆಟ್ಟಿಲಿಳಿದು ಹೋಗುತ್ತಿತ್ತು, ಖಾಲಿಯಾಗಿ ಮೆಟ್ಟಿಲು ಹತ್ತಿ ಬರುತ್ತಿತ್ತು.

ಮೂಗಿನಿಂದ ಊರನ್ನೇ ಕರೆಯುವ ಆ ಪುಡಿಯನ್ನು ಆಕೆ ಮೂಗಿನಿಂದ ಮಾಡುತ್ತಿರಲಿಲ್ಲ. ಅಡುಗೆಮನೆ ಇದ್ದುದೇ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು. ಮೆಣಸಿನಕಾಯಿಯ ಘಾಟಿಗೆ ಉಸಿರು ಕಟ್ಟಿ ಒಮ್ಮೆ ಆಸ್ಪತ್ರೆ ಕಂಡಮೇಲೆ, ಹುರಿಯುವಾಗೆಲ್ಲ ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿ ಬಾಣಲೆಯಲ್ಲಿರುವುದು ಕಪ್ಪೋ ಕೆಂಪೋ ತಿಳಿಯುತ್ತಿರಲಿಲ್ಲ. ಉಳಿದದ್ದು ಕಿವಿ. ಕೊತ್ತಂಬರಿ ಬೀಜ ಮೊದಮೊದಲು ಭಾರವಾಗಿ ಹೊರಳುತ್ತದೆ. ಒಳಗಿನ ತೇವ ಹಾರಿದಂತೆ ಹಗುರಾಗಿ, ಒಣ ಎಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದಂತೆ ಆಗುತ್ತದೆ. ಆಗ ಇಳಿಸಬೇಕು. ಜೀರಿಗೆ ಪಿಸುಗುಟ್ಟುತ್ತದೆ, ಕರಿಮೆಣಸು ಒಂದೆರಡು ಸಲ ಸಿಡಿದು ಎಚ್ಚರಿಸುತ್ತದೆ. ಕಲ್ಲುಪ್ಪು ಚಟಪಟ ಎಂದು ಜಗಳವಾಡಿ, ನೀರೆಲ್ಲ ಆರಿದಮೇಲೆ ಸುಮ್ಮನಾಗುತ್ತದೆ. ಇದನ್ನು ಯಾರೂ ಕಲಿಸಿರಲಿಲ್ಲ. ಬಟ್ಟೆ ಕಟ್ಟಿಕೊಂಡು ನಿಂತು ನಿಂತು ಬಂದದ್ದು.

ಆ ಕಿವಿಯಾದರೂ ಒಂದೇ. ಎಡಗಿವಿ ಚಿಕ್ಕಂದಿನಲ್ಲಿ ಸೋರಿ, ಅಂದಿನಿಂದ ಮಂದವಾಗಿತ್ತು. ಬಲಗಿವಿಯನ್ನು ಆಕೆ ಕಣ್ಣಿನಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಅದಕ್ಕೆ ಕಾರಣ ತಾಯಿ. ಮಗ್ಗಗಳು ದಡಬಡಿಸುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಆ ತಾಯಿಗೆ, ಪುಡಿಯಕ್ಕನಿಗೆ ಈಗಿರುವ ವಯಸ್ಸಿನಲ್ಲೇ ಕಿವಿ ಕೇಳಿಸುವುದು ನಿಲ್ಲುತ್ತ ಬಂತು. ಕೊನೆಕೊನೆಗೆ ಏನು ಕೇಳಿದರೂ ನಕ್ಕು ಹೂಂ ಎನ್ನುತ್ತಿದ್ದಳು. ಊಟ ಆಯಿತಾ ಎಂದರೂ ಹೂಂ, ಹಸಿವಾಗಿದೆಯಾ ಎಂದರೂ ಹೂಂ. ಆ ನಗು ಪುಡಿಯಕ್ಕನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಆದ್ದರಿಂದ ಹುರಿದದ್ದನ್ನು ಮಿಕ್ಸಿಗೆ ಹಾಕುವ ಮೊದಲು, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹೊಸೆದು ಬಲಗಿವಿಗೆ ಇಟ್ಟುಕೊಳ್ಳದೆ ಗುಂಡಿ ಒತ್ತುತ್ತಿರಲಿಲ್ಲ. ಮಿಕ್ಸಿಯ ಆರ್ಭಟ ಹಾಗಿತ್ತು. ಕೈ ಮಾತ್ರ ಆ ಹೊತ್ತಿಗೆ ಪುಡಿಮಯವಾಗಿರುತ್ತಿತ್ತು.

ಒಂದು ಬೆಳಗ್ಗೆ ಗಂಡ ಭುಜ ಅಲುಗಿಸಿ ಎಬ್ಬಿಸಿದ. ಬೀದಿಯ ತುದಿಯಲ್ಲಿ ಬೀರುವಿನಷ್ಟಗಲದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮನುಷ್ಯ. ಮಾತು ಕಡಿಮೆ, ಆಡಿದರೆ ಮುಖದಲ್ಲಿ ನಗು ಕಾಣಿಸದಂತೆ ಆಡುವವನು. ಕೋಳಿ ಅಂಗಡಿಗೆ ಇವತ್ತು ರಜೆಯೇ ಎಂದು ಆಕೆ ಕೇಳಿದಳು. ಅವನು ಅವಳನ್ನೇ ನೋಡಿ, ಮುಂದಿನ ಕೋಣೆಯ ಬೀದಿ ಕಡೆಯ ಕಿಟಕಿಗೆ ಕೈ ತೋರಿಸಿದ. ಆಕೆ ಇಣುಕಿದರೆ ಅಂಗಡಿ ತೆರೆದಿದೆ, ಮುಂದೆ ಜನ ನಿಂತಿದ್ದಾರೆ.

ಕತ್ತಿ ಬಿದ್ದಿತ್ತು, ತನಗೆ ಕೇಳಿಸಿರಲಿಲ್ಲ ಎಂದು ಆಕೆಗೆ ತಿಳಿಯಿತು. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನಿಸಿತು. ಮಧ್ಯಾಹ್ನ ಬಾಣಲೆಯ ಮುಂದೆ ನಿಂತಾಗ ಕೊತ್ತಂಬರಿ ಬೀಜ ಎಲ್ಲೋ ದೂರದಲ್ಲಿ, ಕಂಬಳಿ ಹೊದ್ದುಕೊಂಡು ಹೊರಳಿದಂತಿತ್ತು. ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಎಂದು ಕಾದಳು. ಬಟ್ಟೆ ಬಿಚ್ಚಿದಾಗ ಅಡುಗೆಮನೆಯಲ್ಲಿ ಸೀದ ವಾಸನೆ. ಅಂಥದ್ದೇನೂ ಸೀದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಪುಡಿ ಮಾಡಿ ಕಳಿಸಿಬಿಟ್ಟಳು.

ಅಂಗಡಿಯವನು ಖಾಲಿ ಡಬ್ಬಿ ಹಿಡಿದು ಬಂದವನು ಬಾಗಿಲಲ್ಲೇ ನಿಂತು ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿದ. ಕೊನೆಗೆ ತಲೆ ಕೆರೆದುಕೊಂಡ.

"ಅಕ್ಕ, ನಿಮ್ಮ ಪುಡಿ ಬಗ್ಗೆ ಮಾತಾಡೋಷ್ಟು ದೊಡ್ಡವನಲ್ಲ ನಾನು. ಆದ್ರೆ ಈ ಸಲ ಚರ್ಮ ಸ್ವಲ್ಪ ಕಹಿ ಹೊಡೀತಿದೆ ಅಂತಿದ್ದಾರೆ."

ಬೀಜ ಹಳೆಯದಿರಬೇಕು ಎಂದಳು. ಮುಂದಿನ ಸಲ ಸೀಯುವ ಭಯಕ್ಕೆ ಬೇಗ ಇಳಿಸಿದಳು. ಆಗ ಪುಡಿ ಹಸಿ ವಾಸನೆ ಹೊಡೆಯಿತು, ಉಪ್ಪು ಸರಿಯಾಗಿ ಒಣಗದೆ ಡಬ್ಬಿಯೊಳಗೇ ಗಂಟು ಕಟ್ಟಿತು. ಜರಡಿ ಹಿಡಿಯಲು ಎದುರು ಮನೆಯಿಂದ ಬರುತ್ತಿದ್ದ ನಾದಿನಿ, ಬಾಯಿ ಇದ್ದುದೇ ಕೆಣಕುವುದಕ್ಕೆ ಎಂಬಂಥವಳು, ಆ ಗಂಟನ್ನು ಬೆರಳಲ್ಲಿ ಒಡೆಯುತ್ತ ಕೇಳಿದಳು:

"ಅತ್ತಿಗೆ, ಮನಸ್ಸು ಎಲ್ಲಿಟ್ಟಿದ್ದೀರಿ? ಬಾಣಲೆ ಮೇಲಂತೂ ಇಲ್ಲ. ನಮ್ಮಣ್ಣನ ಮೇಲೆ ಅಂತ ಹೇಳಿದ್ರೆ ನಾನು ನಂಬಲ್ಲ."

ಪುಡಿಯಕ್ಕ ನಕ್ಕು ಹೂಂ ಎಂದಳು. ಎಂದ ಮೇಲೆ ಆ ಹೂಂ ತನ್ನದಲ್ಲ, ತಾಯಿಯದು ಎಂದು ತಿಳಿದು ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಕೆಳಗೆ ಅಂಗಡಿಯಲ್ಲಿ ಪೇಟೆಯ ಪ್ಯಾಕೆಟ್ ಪುಡಿ ಬಂದಿದೆ ಎಂಬುದನ್ನು ನಾದಿನಿ ಆಗಲೇ ಹೇಳಿದ್ದಳು. ಅದು ಆಕೆಗೆ ಎರಡನೆಯ ಸಲ ಹೇಳಿದಾಗ ಕೇಳಿಸಿತು.

ಅಂಗಡಿಯವನ ಮೇಲೆ ಸಿಟ್ಟು ಬರಲಿಲ್ಲ. ಅವನಾದರೂ ಎಷ್ಟು ಜನರಿಗೆ ಸಮಜಾಯಿಷಿ ಹೇಳಿಯಾನು. ಡಬ್ಬಿಗಳನ್ನು ತೊಳೆದು, ಒರೆಸಿ, ಬೋರಲು ಹಾಕಿ, ಮೇಲಿನ ಕಪಾಟಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಳು. ಇನ್ನು ಇಳಿಸುವ ಯೋಚನೆಯಿಲ್ಲದವರು ಜೋಡಿಸುವಂತೆ ಇತ್ತು ಅದು. ಪುಡಿ ಹೋದರೆ ಹೋಗಲಿ. ಮುಂದೆ ಗಂಡನ ಆ ಒಂದೊಂದೇ ಮಾತೂ ಹೋಗುತ್ತದೆ, ನಾದಿನಿಯ ಕೊಂಕು ಹೋಗುತ್ತದೆ, ಬೆಳಗಾದದ್ದೂ ತಿಳಿಯದಂತಾಗುತ್ತದೆ. ಹೀಗೆಲ್ಲ ಯೋಚಿಸುತ್ತ ಸೊಪ್ಪು ಬಿಡಿಸಿದಳು. ಸೊಪ್ಪು ಬಿಡಿಸಲು ಕಿವಿ ಬೇಕಾಗಿರಲಿಲ್ಲ.

ಗಡಿಯಾರದವನು ಅವತ್ತು ಅಂಗಡಿ ಬೇಗ ಮುಚ್ಚಿ ಬಂದ. ಕಾಫಿ ಕುಡಿದು ಲೋಟ ಕೆಳಗಿಟ್ಟ. ಅಂಗಿಯ ಜೇಬಿನಿಂದ ಕೀಲಿ ಕೊಡುವ ಹಳೆಯ ಕೈಗಡಿಯಾರವೊಂದನ್ನು ತೆಗೆದು, ಏಳದೆ, ಕುಳಿತಲ್ಲಿಂದಲೇ ಅವಳ ಬಲಗಿವಿಯ ಹತ್ತಿರ ಹಿಡಿದ.

"ಕೇಳ್ತಿದ್ಯಾ?"

ಅವನ ತುಟಿ ನೋಡಿ ಪ್ರಶ್ನೆ ತಿಳಿದುಕೊಂಡಳು. "ಕೇಳದೆ ಏನ್ರೀ. ಟಿಕ್ ಟಿಕ್ ಅಂತಿದೆ."

"ಚೆನ್ನಾಗಿ ಕೇಳ್ತಿದ್ಯಾ?"

"ನನಗೇನು ಕಿವುಡಾ? ಚೆನ್ನಾಗೇ ಕೇಳ್ತಿದೆ."

ಅವನು ಗಡಿಯಾರವನ್ನು ಅವಳ ಅಂಗೈಯಲ್ಲಿಟ್ಟ. ಮುಳ್ಳುಗಳು ಅಲುಗುತ್ತಿರಲಿಲ್ಲ. ಯಾರೋ ಮೂಲೆಗೆ ಹಾಕಿ ಮರೆತ ಗಡಿಯಾರ, ಒಳಗಿನ ಸ್ಪ್ರಿಂಗೇ ತುಂಡಾಗಿತ್ತು. ಅವನು ಬೈಯಲಿಲ್ಲ. ಅವಳ ಎದುರಿಗೆ ಬಂದು, ಬಾಯಿ ಕಾಣುವಂತೆ ನಿಂತು, ನಿಧಾನವಾಗಿ ಹೇಳಿದ.

"ನಿಂತಿರೋದನ್ನ ನಡೀತಿದೆ ಅಂದ್ರೆ ರಿಪೇರಿ ಹೇಗೆ ಮಾಡೋದು? ನಾಳೆ ಹೋಗೋಣ."

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಔಷಧದಂಗಡಿಯ ಹಿಂದಿನ ಒಂದು ಕೋಣೆ, ಹೊರಗೆ ಬೆಂಚು, ಬೆಂಚಿನ ಮೇಲೆ ಕೆಮ್ಮುವವರು. ತಮ್ಮ ಸರದಿ ಕರೆದದ್ದು ಪುಡಿಯಕ್ಕನಿಗೆ ಕೇಳಿಸಲಿಲ್ಲ, ಗಂಡ ಮೊಣಕೈ ಮುಟ್ಟಿ ಎಬ್ಬಿಸಿದ. ತಾಯಿಗೂ ಹೀಗೇ ಆಗಿತ್ತು, ಇದು ನಮ್ಮ ಕಡೆಯವರಿಗೆ ಬರುವಂಥದ್ದೇ ಎಂದು ಆಕೆ ಕೂರುವ ಮೊದಲೇ ಒಪ್ಪಿಸಿಬಿಟ್ಟಳು. ಡಾಕ್ಟರು ಹಣೆಯ ದೀಪ ಹೊತ್ತಿಸಿ, ಕಿವಿಯನ್ನು ಹಿಂದಕ್ಕೆಳೆದು ಒಳಗೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಒಂದು ತೆಳ್ಳಗಿನ ಚಿಮಟ ತೆಗೆದುಕೊಂಡರು.

ಕಿವಿಯೊಳಗೆ ಏನೋ ಜಾರಿತು. ಚಳಿಗಾಲದಲ್ಲಿ ಮುಚ್ಚಿಟ್ಟ ಕಿಟಕಿಯನ್ನು ಯಾರೋ ಒಮ್ಮೆಲೇ ತೆರೆದಂತೆ, ಮೊದಲು ಬಂದದ್ದು ಫ್ಯಾನಿನ ಸದ್ದು. ಆಮೇಲೆ ಗಂಡನ ಕಟ್ಟಿದ ಮೂಗಿನ ಉಸಿರು. ಆಮೇಲೆ ಡಾಕ್ಟರು ಸೀನಿದ್ದು.

ಬಿಳಿಯ ತಟ್ಟೆಯಲ್ಲಿ ಬಿದ್ದಿದ್ದುದು ಹತ್ತಿ. ಬಟಾಣಿಯಷ್ಟು ದಪ್ಪದ, ಒತ್ತಿ ಒತ್ತಿ ಗಟ್ಟಿಯಾದ ಹತ್ತಿಯ ಉಂಡೆ. ಎಣ್ಣೆ ಕುಡಿದು, ಮೆಣಸಿನ ಪುಡಿ ಮೆತ್ತಿ ಕೆಂಪಾಗಿತ್ತು. ಯಾವತ್ತೋ ಅವಸರದಲ್ಲಿ ಕಿತ್ತಾಗ ಅರ್ಧ ಒಳಗೇ ಉಳಿದಿರಬೇಕು. ಮೇಲೆ ಹೊಸದು ಇಟ್ಟಾಗೆಲ್ಲ ಹಳೆಯದು ಇನ್ನಷ್ಟು ಒಳಗೆ ಹೋಗಿ ಕೂತಿತ್ತು. ಕಾಯಲು ನಿಲ್ಲಿಸಿದ ಕಾವಲುಗಾರನೇ ಬಾಗಿಲಿಗೆ ಅಡ್ಡ ಮಲಗಿ ನಿದ್ದೆ ಹೊಡೆದಿದ್ದ.

"ಏನಮ್ಮಾ, ಕಿವಿಗೂ ಮಸಾಲೆ ಹಚ್ಚಿ ಇಟ್ಟಿದ್ದೀರಲ್ಲ," ಎಂದರು ಡಾಕ್ಟರು, ಕರವಸ್ತ್ರದಲ್ಲಿ ಮೂಗೊರೆಸುತ್ತ.

"ಸುಡೋದೊಂದು ಬಾಕಿ ಇತ್ತು," ಎಂದ ಗಡಿಯಾರದವನು.

ಆಕೆ ಅವನನ್ನು ನೋಡದೆಯೇ ಆ ಮಾತು ಕೇಳಿಸಿಕೊಂಡಳು. ಡಾಕ್ಟರು ಯಂತ್ರವನ್ನೂ ಹಚ್ಚಿ ನೋಡಿ, ಎಡಗಿವಿ ಮೊದಲಿನಂತೆಯೇ ಇದೆ, ಬಲಗಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ, ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು ಎಂದರು. ಹತ್ತಿ ಮಾತ್ರ ಬೇಡ, ಮಿಕ್ಸಿ ಹಾಕುವಾಗ ಹೊರಗಿನಿಂದ ಮುಚ್ಚುವಂಥದ್ದು ಸಿಗುತ್ತದೆ ಎಂದೂ ಹೇಳಿದರು. ಆಕೆ ತಲೆಯಾಡಿಸಿದಳು. ಹೊರಗೆ ಬೆಂಚಿನವರ ಕೆಮ್ಮು ಕೂಡ ಇಂಪಾಗಿತ್ತು. ಮೆಟ್ಟಿಲಿಳಿಯುವಾಗ ಕಣ್ಣು ತುಂಬಿ ಬಂತು. ಇವತ್ತು ಮೆಣಸಿನಕಾಯಿಯ ನೆಪ ಇರಲಿಲ್ಲವಾದ್ದರಿಂದ ಸೆರಗಿನಿಂದ ಮುಖ ಒರೆಸಿಕೊಂಡು, ಬಿಸಿಲು ಜಾಸ್ತಿ ಎಂದಳು. ಮೋಡ ಕವಿದಿತ್ತು. ಗಡಿಯಾರದವನು ಹೌದು, ವಿಪರೀತ ಬಿಸಿಲು ಎಂದ.

ಮನೆಗೆ ಬಂದವಳು ಸೀರೆ ಬದಲಾಯಿಸಲಿಲ್ಲ. ಕಪಾಟಿನ ಡಬ್ಬಿಗಳನ್ನು ಇಳಿಸಿದಳು. ಎಂದೂ ಮೊದಲು ಹುರಿಯುತ್ತಿದ್ದ ಮೆಣಸಿನಕಾಯಿಯನ್ನು ಇವತ್ತು ಕೊನೆಗಿಟ್ಟು, ಮೂಗಿಗೆ ಬಟ್ಟೆ ಕಟ್ಟದೆ, ಸಣ್ಣ ಉರಿಯಲ್ಲಿ ಬಾಣಲೆಯಿಟ್ಟು ಕೊತ್ತಂಬರಿ ಬೀಜ ಹಾಕಿ, ಕೈಯಾಡಿಸುತ್ತಿರು ಎಂದು ನಾದಿನಿಯನ್ನು ನಿಲ್ಲಿಸಿದಳು. ಹತ್ತಿಯ ಕಥೆ ಕೇಳಿದಾಗಿನಿಂದ ನಾದಿನಿಗೆ ನಗು ನಿಂತಿರಲಿಲ್ಲ. ಇಷ್ಟು ದಿನ ತಾನು ಹೇಳಿದ್ದೆಲ್ಲ ನೀರಿನಲ್ಲಿಟ್ಟ ಹೋಮವಾಯಿತಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ ಎಂಬುದು ಅವಳ ದುಃಖ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಂಗಡಿಯವನದು, ಬಲಗಾಲು ಸ್ವಲ್ಪ ಎಳೆದು ಹಾಕುವುದು. ಅವನು ಬಾಗಿಲು ತಟ್ಟುವ ಮೊದಲೇ ಪುಡಿಯಕ್ಕ ಬಾಗಿಲು ತೆರೆದಳು. ಅವನು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಗಡಿಯಾರದವರು ಕೆಳಗೆ ವಿಷಯ ಹೇಳಿದರು ಎಂದ. ಪ್ಯಾಕೆಟ್ ಪುಡಿ ತಂದದ್ದು ನಿಜ, ಆದರೆ ಕೋಳಿಗೆ ಅಂಗಿ ತೊಡಿಸಿದಂತಾಗಿದೆ, ಮೈಗೆ ಹತ್ತುತ್ತಿಲ್ಲ, ಜನ ಒಂದು ಸಲ ಮೂಸಿ ಮುಂದೆ ಹೋಗುತ್ತಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ತಗ್ಗಿದ ಆ ದನಿಯೂ ಆಕೆಗೆ ಪೂರ್ತಿಯಾಗಿ ಕೇಳಿಸಿತು. ಬಾಗಿಲ ಚೌಕಟ್ಟು ಹಿಡಿದು, ಎಷ್ಟೋ ಕಾಲದಿಂದ ಕಟ್ಟಿಟ್ಟಿದ್ದ ಮಾತನ್ನು ಬಿಚ್ಚಿದಂತೆ ಶುರುಮಾಡಿದಳು.

"ಸಂಜೆಗೆ ಪುಡಿ ಕಳಿಸ್ತೀನಿ. ಕೋಳಿ ಮೈ ಚೆನ್ನಾಗಿ ಒರೆಸು, ಒಂದು ಹನಿ ನೀರೂ ಇರಬಾರದು. ರೆಕ್ಕೆ ಸಂದಿಲಿ ಯಾವಾಗ್ಲೂ ಬಿಟ್ಬಿಡ್ತೀಯ, ಅಲ್ಲೂ ಉಜ್ಜು. ಮತ್ತೆ ನಿನ್ನ ಕತ್ತಿ ಇವತ್ತು ಬೆಳಗ್ಗೆ ಹೇಗೆ ಬಿತ್ತೋ ನನಗೆ ಗೊತ್ತಿಲ್ಲ, ನಾಳೆಯಿಂದ ಗೊತ್ತಾಗುತ್ತೆ, ಹೆಂಡತಿ ಜೊತೆ ಸರಿಯಾಗಿರು. ಇನ್ನು ಉಪ್ಪಿನ ವಿಷಯ, ಈ ಸಲ ನಾನು ಉಪ್ಪನ್ನ ಮೊದಲಿಗಿಂತ..."

ಒಳಗೆ, ಎರಡು ಗೋಡೆಗಳ ಆಚೆ, ಬಾಣಲೆಯಲ್ಲಿ ಬೀಜ ಹಗುರಾಯಿತು. ಒಣ ಎಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದರು. ಉಪ್ಪಿಗೇನಾಯ್ತಕ್ಕ ಎಂದು ಅಂಗಡಿಯವನು ಕೇಳುತ್ತಿದ್ದ. ಅಷ್ಟರಲ್ಲಿ ಆಕೆ ಆಗಲೇ ಬೆನ್ನು ತಿರುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಒಳಗೆ ನಡೆದಿದ್ದಳು.