ಏಳನೇ ಟ್ಯಾಂಕಿನ ನಾಲ್ಕು ಬೆರಳು

ನಮ್ಮ ಅತ್ತಿಗೆಗೆ ಡಿಪೋದಲ್ಲಿ ಎಲ್ಲರೂ ಇಟ್ಟ ಹೆಸರು ಟೇಪಕ್ಕ. ಹಡಗಿನಿಂದ ಪೈಪಿನಲ್ಲಿ ಬರುವ ಡೀಸೆಲ್ ತುಂಬಿಕೊಳ್ಳುವ ಟ್ಯಾಂಕುಗಳ ನೆತ್ತಿಗೆ ಹತ್ತಿ, ಉಕ್ಕಿನ ಟೇಪು ಇಳಿಬಿಟ್ಟು ಅಳೆಯುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಅವಳ ಸಹಿ ಬೀಳದೆ ನನ್ನಂಥ ಟ್ಯಾಂಕರ್ ಡ್ರೈವರುಗಳಿಗೆ ಒಂದು ತೊಟ್ಟೂ ಸಿಗುವುದಿಲ್ಲ. ಅಣ್ಣ ಹೋದ ಮೇಲೆ ಆ ಕೆಲಸವೊಂದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ.

ನೀರು ಡೀಸೆಲಿಗಿಂತ ಭಾರ, ತಳ ಸೇರಿ ಕೂರುತ್ತದೆ. ಅದನ್ನು ಹಿಡಿಯಲು ಟೇಪಿನ ತುದಿಗೆ ಹಳದಿ ಪೇಸ್ಟು ಸವರುತ್ತಾರೆ. ನೀರು ತಾಗಿದಷ್ಟು ಕೆಂಪಾಗುತ್ತದೆ, ಉಳಿದದ್ದು ಹಳದಿಯಾಗಿಯೇ ಇರುತ್ತದೆ. ಆ ಮಂಗಳವಾರ ಏಳನೇ ಟ್ಯಾಂಕಿನಲ್ಲಿ ನಾಲ್ಕು ಬೆರಳು ಕೆಂಪು ಬಂತು.

"ನೀರಿಲ್ಲ ಅಂತ ಬರೆದು ಸಹಿ ಹಾಕಮ್ಮ. ಬೇಗ ಲೋಡು ಬಿಡಿ ಅಂತ ಮೇಲಿನವರು ತಲೆ ತಿಂತಿದಾರೆ," ಎಂದ ಹೊಸ ಮ್ಯಾನೇಜರು, ಫ್ಯಾನಿನ ಕೆಳಗೆ ಕೂತು.

"ಇರೋದನ್ನ ಇಲ್ಲ ಅಂತ ಹೇಗೆ ಬರೀಲಿ ಸಾರ್?"

"ಹಾಗಾದ್ರೆ ಟೇಪು ಇಲ್ಲಿಟ್ಟು ಮನೆಗೆ ಹೋಗು. ನಾಳೆಯಿಂದ ಬರೋದು ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ನೀರು ಹೊತ್ತುಕೊಂಡು ಹೋಗುವವರು ನಾವು, ಬಂಕಿನಲ್ಲಿ ಉಗಿಸಿಕೊಳ್ಳುವವರೂ ನಾವೇ!

ಅತ್ತಿಗೆ ದನಿ ಏರಿಸಲಿಲ್ಲ. "ಒಂದ್ಸಲ ಮೇಲೆ ಬಂದು ನೋಡಿ. ಆಮೇಲೆ ಟೇಪು ನಿಮ್ಮ ಕೈಗೇ ಕೊಡ್ತೀನಿ."

ಬಾಗಿಲಲ್ಲಿ ನಾವು ಒಂಬತ್ತು ಜನ ಡ್ರೈವರುಗಳು ನಿಂತಿದ್ದೆವು. ನಮ್ಮೆದುರು ಬರುವುದಿಲ್ಲ ಎನ್ನಲಾಗದೆ ಅವನು ಎದ್ದ. ಅರವತ್ತೆಂಟು ಮೆಟ್ಟಿಲು, ಪುಣ್ಯಾತ್ಮ ಒಂದು ದಿನವೂ ಹತ್ತಿದವನಲ್ಲ. ನಾನೂ ಹಿಂದೆಯೇ ಹತ್ತಿದೆ. ಮೇಲೆ ಮುಟ್ಟುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಅತ್ತಿಗೆ ಮತ್ತೆ ಟೇಪು ಇಳಿಸಿ ಎಳೆದಳು. ಅದೇ ನಾಲ್ಕು ಬೆರಳು.

"ಪೇಸ್ಟೇ ಕೆಟ್ಟಿದೆ," ಎಂದ ಏದುಸಿರು ಬಿಡುತ್ತಾ. "ಸುಮ್ಸುಮ್ನೆ ಕೆಂಪಾಗತ್ತೆ."

"ಹೌದಾ? ನೋಡೇ ಬಿಡೋಣ."

ಟೇಪು ಒರೆಸಿ ಹೊಸದಾಗಿ ಹಳದಿ ಸವರಿದಳು. ಟ್ಯಾಂಕಿನ ಮೇಲ್ಭಾಗದ ಡೀಸೆಲಿನಲ್ಲಿ ಅದ್ದಿ ತೆಗೆದಳು. ಹಳದಿಯೇ. ಆಮೇಲೆ, ಅಯ್ಯೋ ದೇವರೇ, ಮ್ಯಾನೇಜರ ಹಣೆಯಿಂದ ಒಂದು ಹನಿ ಬೆವರನ್ನು ಬೆರಳಲ್ಲಿ ತೆಗೆದು ಅದರ ಮೇಲೆ ಒತ್ತಿದಳು. ಕುಂಕುಮದಂತೆ ಕೆಂಪಾಯಿತು.

ನಾನು ನಕ್ಕೇಬಿಟ್ಟೆ. ಅವಳು ನಗಲಿಲ್ಲ.

"ಪೇಸ್ಟು ಚೆನ್ನಾಗೇ ಇದೆ ಸಾರ್. ತಗೊಳ್ಳಿ ಟೇಪು. ನೀರಿಲ್ಲ ಅಂತ ನೀವೇ ಸಹಿ ಹಾಕಿ."

ಟೇಪು ಹಿಡಿದ ಕೈ ಚಾಚಿಯೇ ನಿಂತಳು. ಮ್ಯಾನೇಜರು ಕೆಳಗೆ ನೋಡಿದ. ಡ್ರೈವರುಗಳೆಲ್ಲ ತಲೆಯೆತ್ತಿ ಇವನನ್ನೇ ನೋಡುತ್ತಿದ್ದರು.

"ಕೈ ನೋಯ್ತಿದೆ ಸಾರ್. ತಗೊಳ್ತೀರೋ, ಇಲ್ವೋ?"

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅತ್ತಿಗೆ ಟೇಪು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಲಿನ ಮೆಟ್ಟಿಲ ಮೇಲೆ ಕೂತು, ಅಳತೆ ಪುಸ್ತಕದಲ್ಲಿ ನಾಲ್ಕು ಬೆರಳು ನೀರು ಎಂದು ಬರೆದು, ತನ್ನ ಪೂರ್ತಿ ಹೆಸರು ಹಾಕಿದಳು.